ಭಟ್ಟರ ಸೋಮವಾರದ ಮಾರ್ಕ್ಸು

ಭಟ್ಟರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಆಸ್ಪತ್ರೆಯ ವಾಟ್ಸಾಪ್ ಗುಂಪಿನಿಂದ. ಯಾರೋ ಅವರ ಹಳೆಯ ಗುರುತಿನ ಚೀಟಿಯ ಫೋಟೋ ಹಾಕಿ ಕೆಳಗೆ 'ಓಂ ಶಾಂತಿ' ಎಂದು ಬರೆದಿದ್ದರು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಅರ್ಧ ಗಂಟೆಯೊಳಗೆ ಇನ್ನಾರೋ ಭಾನುವಾರದ ಪಾಳಿ ಬದಲಾಯಿಸಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದರು, ಅಲ್ಲಿಗೆ ಭಟ್ಟರ ವಿಷಯ ಮುಗಿಯಿತು. ನನಗೆ ಸಿಟ್ಟು ಬಂತು. ಅಷ್ಟು ವರ್ಷ ಆ ಆಸ್ಪತ್ರೆಯ ಒಬ್ಬೊಬ್ಬರನ್ನೂ ಗೋಳು ಹೊಯ್ದುಕೊಂಡ ಮನುಷ್ಯ. ಬೈಯುವುದಕ್ಕಾದರೂ ಯಾರಾದರೂ ಎರಡು ಸಾಲು ಬರೆಯಬಹುದಿತ್ತು. ಬರೆಯುವವರು ಇಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಮಡಿಕೇರಿಯಲ್ಲಿ ಭಟ್ಟರು ಬೇಕಾದಷ್ಟಿದ್ದಾರೆ, ಅವರಲ್ಲೊಬ್ಬರು ಎಂದುಕೊಂಡರೆ ಸಾಕು. ನಾನು ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಮೂರ್ನಾಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಭಟ್ಟರು ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ. ವಿಭಾಗ ಎಂದರೆ ಅವರೊಬ್ಬರೇ. ಮೆಟ್ಟಿಲ ಕೆಳಗಿನ ಒಂದು ತಣ್ಣನೆಯ ಕೋಣೆ, ಅದರಲ್ಲಿ ಸದಾ ಗುಂಯ್‌ಗುಡುವ ಸರ್ವರ್, ಬಾಗಿಲ ಹೊರಗೆ ಅವರ ಒಂದು ಜೊತೆ ಚಪ್ಪಲಿ. ಆ ಕೋಣೆಯೊಳಗೆ ಅವರು ಬರಿಗಾಲಿನಲ್ಲೇ ಹೋಗುತ್ತಿದ್ದರು, ಬೇರೆಯವರನ್ನೂ ಚಪ್ಪಲಿ ಬಿಡಿಸಿಯೇ ಒಳಗೆ ಬಿಡುತ್ತಿದ್ದರು. ಬೆಂಗಳೂರಿನಿಂದ ಬಂದ ಕಂಪನಿ ಎಂಜಿನಿಯರುಗಳು ಟೈ ಕಟ್ಟಿಕೊಂಡು, ಬೂಟು ಕಳಚಿ, ಸಾಕ್ಸಿನಲ್ಲಿ ನಿಂತು ಕೆಲಸ ಮಾಡುವುದನ್ನು ನೋಡಲಿಕ್ಕೇ ನಾವು ಏನಾದರೊಂದು ನೆಪ ಮಾಡಿಕೊಂಡು ಅತ್ತ ಹೋಗುತ್ತಿದ್ದೆವು.

ಆಸ್ಪತ್ರೆಯ ಪ್ರತಿ ಕಂಪ್ಯೂಟರೂ ಹೇಗಿರಬೇಕು ಎಂಬುದಕ್ಕೆ ಅವರ ಹತ್ತಿರ ನಿಯಮಗಳಿದ್ದವು. ಪಾಸ್‌ವರ್ಡು ತಿಂಗಳಿಗೊಮ್ಮೆ ಬದಲಾಗಬೇಕು. ಯಾರೂ ಮುಟ್ಟದಿದ್ದರೆ ಪರದೆಗೆ ತಾನಾಗಿ ಬೀಗ ಬೀಳಬೇಕು. ಪೆನ್‌ಡ್ರೈವ್ ತೂರಿಸುವ ಕಿಂಡಿ ಮುಚ್ಚಿರಬೇಕು. ಕಂಪನಿಯವರು ಕಳಿಸುವ ತಿದ್ದುಪಡಿಗಳನ್ನೆಲ್ಲ ಆಗಿಂದಾಗ ಹಾಕಿರಬೇಕು. ಬೇಡದ್ದೊಂದೂ ಒಳಗಿರಬಾರದು. ಭಾನುವಾರ ಅವರ ಒಂದು ಪ್ರೋಗ್ರಾಮು ತನ್ನಷ್ಟಕ್ಕೆ ತಾನೇ ಎಲ್ಲ ಕಂಪ್ಯೂಟರುಗಳ ಒಳಹೊಕ್ಕು ಇಣುಕಿ, ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಸೋಮವಾರ ಬೆಳಿಗ್ಗೆ ಕ್ಯಾಂಟೀನಿನ ಹೊರಗೆ ಹಾಳೆ. ಔಷಧಿ ವಿಭಾಗ ಹಸಿರು, ಎಕ್ಸ್‌ರೇ ಹಳದಿ, ಲ್ಯಾಬು ಕೆಂಪು. ಕೊನೆಯಲ್ಲಿ ಇಡೀ ಆಸ್ಪತ್ರೆಯ ಸರಾಸರಿ. ಜನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಹಾಗೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಬೈದುಕೊಳ್ಳುತ್ತಲೇ ನೋಡುತ್ತಿದ್ದರು.

ಹೆರಿಗೆ ವಾರ್ಡಿನ ಕೇರಳದ ಸಿಸ್ಟರ್ ಒಬ್ಬಳು ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಚೌಕದೊಳಗೆ ಬರೆದಿಟ್ಟಿದ್ದಳು. ಭಟ್ಟರು ಅದನ್ನು ಕಂಡುಹಿಡಿದು, ಪಾಸ್‌ವರ್ಡು ಬದಲಾಯಿಸಿ ಹೋದರು. ಮರುದಿನ ಅವಳು ಲಬೋ ಲಬೋ ಎನ್ನುತ್ತ ಕೋಣೆಗೆ ಬಂದಳು.

"ಸಾರೇ, ತಿಂಗ್ಳಿಗೊಂದು ಹೊಸದು ಅಂದ್ರೆ ನೆನಪಿರೋದು ಹೇಗೆ? ನಾನು ಮನುಷ್ಯಳು ಅಲ್ವಾ?"

"ಕ್ಯಾಲೆಂಡರಿಗೂ ನೆನಪಿರಬಾರದು ಸಿಸ್ಟರ್. ಅದು ಮನುಷ್ಯ ಅಲ್ಲ, ಯಾರು ಕೇಳಿದ್ರೂ ಹೇಳಿಬಿಡ್ತದೆ."

ದೊಡ್ಡ ಸರ್ಜನ್ ಡಾಕ್ಟರೊಬ್ಬರು ಪೆನ್‌ಡ್ರೈವಿನಲ್ಲಿ ಹಳೆಯ ಹಾಡು ತಂದು ಆಪರೇಷನ್ ನಡುವೆ ಕೇಳುವವರು. ಅವರ ಕಿಂಡಿ ಮುಚ್ಚಿದ ದಿನ ದೊಡ್ಡ ರಂಪವಾಯಿತು. ಭಟ್ಟರು ಕೈಕಟ್ಟಿ ನಿಂತು ಪೂರ್ತಿ ಬೈಸಿಕೊಂಡು, ಕೊನೆಗೆ ಕೇಳಿದರು: "ಡಾಕ್ಟ್ರೇ, ನೀವು ಗ್ಲೌಸ್ ಹಾಕದೆ ಹೊಟ್ಟೆ ಒಳಗೆ ಕೈ ಹಾಕ್ತೀರಾ?" ಡಾಕ್ಟರು ಬಾಗಿಲು ದಡಾರೆಂದು ಹಾಕಿಕೊಂಡರು. ಆಮೇಲೆ ಒಂದು ಹಳೇ ರೇಡಿಯೋ ತಂದಿಟ್ಟುಕೊಂಡರು.

ಅವರ ಮನೆತನ ಭಾಗಮಂಡಲದ ಕಡೆಯ ಒಂದು ಗುಡಿಯ ಅರ್ಚಕರದ್ದು. ಅಪ್ಪ ಪೂಜೆ ಮಾಡುತ್ತಿದ್ದರು, ಅಪ್ಪನ ನಂತರ ಅಣ್ಣ. ಇವರು ಅದು ಹೇಗೋ ಕಂಪ್ಯೂಟರ್ ಕಲಿತು ಹೊರಬಂದವರು. ನಾವು ಕೆಲಸದವರೆಲ್ಲ ಸೇರಿ ಅವರ ನಿಯಮಗಳಿಗೆ 'ಭಟ್ಟರ ಮಡಿ' ಎಂದು ಹೆಸರಿಟ್ಟಿದ್ದೆವು. ಅವರಿಗೆ ಅದರಿಂದ ಬೇಸರವಾಗಲಿಲ್ಲ, ಹೆಮ್ಮೆಯಾಯಿತು ಎಂದೇ ನನ್ನ ಗುಮಾನಿ. ಒಮ್ಮೆ ಚಹಾ ಕುಡಿಯುತ್ತ ಹೇಳಿದರು: "ನಮ್ಮಪ್ಪ ಡಿಸೆಂಬರ್ ಚಳಿಯಲ್ಲೂ ತಣ್ಣೀರು ಮಿಂದೇ ಒಳಗೆ ಹೋಗ್ತಿದ್ರು. ಗರ್ಭಗುಡಿಯಲ್ಲಿ ಯಾರು ನೋಡ್ಲಿಕ್ಕಿದ್ದಾರೆ, ಬಿಸಿನೀರು ಮಿಂದ್ರೆ ಎಂತ ಆಗ್ತದೆ ಅಂತ ನಾನು ಸಣ್ಣವನಿರುವಾಗ ಕೇಳಿದ್ದೆ."

"ಅವರೆಂತ ಹೇಳಿದ್ರು?"

"ಹೇಳ್ಲಿಲ್ಲ. ಕೆನ್ನೆಗೊಂದು ಬಿಟ್ರು."

ನಗುತ್ತ ಕೆನ್ನೆ ಸವರಿಕೊಂಡರು. ಅವರು ನಗುವುದೇ ಅಪರೂಪ, ನಕ್ಕರೆ ಮುಖ ಹುಡುಗನದ್ದಾಗುತ್ತಿತ್ತು. ಅಂತಹ ಹೊತ್ತಿನಲ್ಲಿ ನನಗೆ ಅವರನ್ನು ಕಂಡರೆ ಇಷ್ಟವಾಗುತ್ತಿತ್ತು. ಉಳಿದ ಹೊತ್ತಿನಲ್ಲಿ, ನಿಜ ಹೇಳುತ್ತೇನೆ, ಆ ಮನುಷ್ಯ ದೂರದಲ್ಲಿ ಬರುವುದು ಕಂಡರೆ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತಿದ್ದೆ.

ಯಾಕೆಂದರೆ ಅವರ ಕಣ್ಣಿಗೆ ನನ್ನ ಲ್ಯಾಬು ಬೇಡದ ಕಸ. ರಕ್ತದಲ್ಲಿನ ಉಪ್ಪಿನಂಶ ಅಳೆಯುವ ನಮ್ಮ ದೊಡ್ಡ ಯಂತ್ರಕ್ಕೆ ಜೊತೆಯಾಗಿ ಒಂದು ಓಬೀರಾಯನ ಕಾಲದ ಕಂಪ್ಯೂಟರ್ ಬಂದಿತ್ತು. ಅದಿಲ್ಲದೆ ಯಂತ್ರ ಓಡದು. ಅದಕ್ಕೆ ಹೊಸ ತಿದ್ದುಪಡಿ ಹಾಕಿದರೂ ಯಂತ್ರ ಓಡದು. ಹಾಗಾಗಿ ಪ್ರತಿ ಸೋಮವಾರ ನಮಗೆ ಮೂವತ್ತರ ಆಸುಪಾಸು ಅಂಕ, ಉದ್ದಕ್ಕೂ ಕೆಂಪು.

"ನಿಮ್ಮ ಈ ಮುದುಕ ಇಡೀ ಆಸ್ಪತ್ರೆಯ ಮಾರ್ಕ್ಸು ತಿಂತಾನೆ ಅಮ್ಮ," ಎಂದು ಭಟ್ಟರು ಆ ಕಂಪ್ಯೂಟರನ್ನು ತೋರಿಸಿ ಗೊಣಗುತ್ತಿದ್ದರು.

"ತಿನ್ನದೆ ಏನು ಮಾಡ್ತಾನೆ? ಹೊಸದು ಕೊಡಿಸಿ, ಉಪವಾಸ ಮಾಡ್ತಾನೆ."

ಕೊಡಿಸಲು ಅವರು ಪ್ರಯತ್ನ ಪಡಲಿಲ್ಲ ಎನ್ನುವಂತಿಲ್ಲ. ಆಡಳಿತಾಧಿಕಾರಿಗಳ ಬಾಗಿಲಿಗೆ ಎಷ್ಟು ಸಲ ಅಲೆದರೋ. ಹೊಸ ಕಂಪ್ಯೂಟರ್ ಎಂದರೆ ಹೊಸ ಯಂತ್ರವನ್ನೇ ತರಬೇಕು. ಮುಂದಿನ ವರ್ಷ ನೋಡುವಾ ಎಂಬ ಉತ್ತರ ಪ್ರತಿ ವರ್ಷ ಬರುತ್ತಿತ್ತು.

ಲ್ಯಾಬಿನ ಪಕ್ಕದ ಕೋಣೆಯೇ ಡಯಾಲಿಸಿಸ್. ಅಲ್ಲಿ ಕಿಟಕಿಯ ಬದಿಯ ಹಾಸಿಗೆಗೆ ವಾರಕ್ಕೆ ಮೂರು ದಿನ ಭಟ್ಟರ ಹೆಂಡತಿ ಬರುತ್ತಿದ್ದರು. ಕಿಡ್ನಿ ಎರಡೂ ಹೋಗಿತ್ತು. ಮಕ್ಕಳಿರಲಿಲ್ಲ. ಭಟ್ಟರು ಆಸ್ಪತ್ರೆಯ ನೌಕರರೆಂದು ಆಡಳಿತದವರು ಆ ಚಿಕಿತ್ಸೆಯನ್ನು ಹೆಚ್ಚುಕಡಿಮೆ ಪುಕ್ಕಟೆ ಮಾಡಿಕೊಟ್ಟಿದ್ದರು. ಕೆಲಸ ಹೋದರೆ ಅದೂ ಹೋಗುತ್ತದೆ. ಭಟ್ಟರದ್ದು ಕಾಂಟ್ರಾಕ್ಟು ಕೆಲಸ, ವರ್ಷ ವರ್ಷ ಮುಂದುವರಿಸುವುದು. ಈ ಮೂರು ಸಂಗತಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆಡಳಿತಾಧಿಕಾರಿಗಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಕೆಗೆ ಕಿತ್ತಳೆ ಎಂದರೆ ಪ್ರಾಣ. ಕಿಡ್ನಿ ಹೋದವರಿಗೆ ಕಿತ್ತಳೆ ಆಗದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲುತ್ತದೆ. ಸೀಸನ್ನಿನಲ್ಲಿ ಭಟ್ಟರು ಒಂದು ಕಿತ್ತಳೆ ತಂದು, ಸಿಪ್ಪೆ ಸುಲಿದು, ನಾರು ಬಿಡಿಸಿ, ಒಂದೇ ಒಂದು ತೊಳೆ ಆಕೆಯ ಬಾಯಿಗಿಡುತ್ತಿದ್ದರು. ಇನ್ನೊಂದು ಎಂದು ಆಕೆ ಕೈ ಚಾಚಿದರೆ, "ಸಾಕು. ನಿನ್ನ ಮಾರ್ಕ್ಸು ಇಳಿತದೆ" ಎನ್ನುತ್ತಿದ್ದರು. ಉಳಿದದ್ದನ್ನು ನಮ್ಮ ಲ್ಯಾಬಿಗೆ ತಂದುಕೊಡುತ್ತಿದ್ದರು. ತಾವು ತಿನ್ನುತ್ತಿರಲಿಲ್ಲ. ಆಕೆಗಿಲ್ಲದ್ದು ನನಗೆ ಯಾಕೆ ಎಂದು ಒಂದು ಸಲ ಹೇಳಿದ್ದರು. ನಾನು ಆ ತೊಳೆಗಳನ್ನು ಸಂಕಟದಿಂದಲೇ ತಿಂದಿದ್ದೇನೆ.

ಆಮೇಲೆ ಸರ್ಟಿಫಿಕೇಟಿನ ಹುಚ್ಚು ಶುರುವಾಯಿತು. ಕಂಪ್ಯೂಟರುಗಳೆಲ್ಲ ಭದ್ರವಾಗಿವೆ ಎಂಬ ಪ್ರಮಾಣಪತ್ರ ಸಿಕ್ಕಿದರೆ ದೊಡ್ಡ ದೊಡ್ಡ ವಿಮಾ ಕಂಪನಿಗಳು ನಮ್ಮಲ್ಲಿಗೆ ರೋಗಿಗಳನ್ನು ಕಳಿಸುತ್ತವಂತೆ. ಅದಕ್ಕೆ ಆಸ್ಪತ್ರೆಯ ಸರಾಸರಿ ಅಂಕ ತೊಂಬತ್ತು ದಾಟಬೇಕು. ನಾವು ಎಪ್ಪತ್ತೆಂಟರಲ್ಲಿ ಕುಂಟುತ್ತಿದ್ದೆವು. ಸಲಹೆ ಕೊಡಲು ಮೈಸೂರಿನಿಂದ ಬಂದವನೊಬ್ಬ ಸುಲಭದ ದಾರಿ ತೋರಿಸಿದ: ಲ್ಯಾಬಿನ ಮುದುಕನನ್ನೂ ಅಂತಹ ಇನ್ನೆರಡನ್ನೂ ಪಟ್ಟಿಯಿಂದ ತೆಗೆದುಬಿಡಿ, ಎಲ್ಲರೂ ಮಾಡುವುದೇ ಹಾಗೆ. ಭಟ್ಟರು ಒಪ್ಪಲಿಲ್ಲ.

"ಇರೋದನ್ನು ಇಲ್ಲ ಅಂತ ಬರೀಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಆಡಳಿತಾಧಿಕಾರಿಗಳು ಸಿಟ್ಟಾಗುವವರಲ್ಲ. ಜೇನಿನಂತಹ ಮಾತು. "ಭಟ್ರೇ, ನೀವು ಹೇಗೆ ಮಾಡ್ತೀರೋ ನಿಮಗೇ ಬಿಟ್ಟದ್ದು. ನಂಗೆ ತೊಂಬತ್ತು ಬೇಕು. ಸರ್ಟಿಫಿಕೇಟ್ ಬಂದ ಕೂಡ್ಲೇ ಲ್ಯಾಬಿಗೆ ಹೊಸ ಯಂತ್ರ, ನನ್ನ ಮಾತು. ನಿಮ್ಮ ಕಾಂಟ್ರಾಕ್ಟ್ ಕೂಡ ಈ ತಿಂಗ್ಳೇ ಅಲ್ವಾ ನೋಡ್ಬೇಕಾದದ್ದು? ಮನೆಯವರು ಹೇಗಿದ್ದಾರೆ?"

ಒಂದು ವಾರ ಭಟ್ಟರು ಯಾರ ಕೈಗೂ ಸಿಗಲಿಲ್ಲ. ಮುಂದಿನ ಸೋಮವಾರ ಕ್ಯಾಂಟೀನಿನ ಹೊರಗಿನ ಹಾಳೆಯಲ್ಲಿ ತೊಂಬತ್ತಮೂರು ಎಂದಿತ್ತು. ಲ್ಯಾಬು ಎಂದಿನಂತೆ ಕೆಂಪು, ಎಕ್ಸ್‌ರೇ ಹಳದಿ, ಆದರೆ ಸರಾಸರಿ ತೊಂಬತ್ತಮೂರು. ಎಂತ ಮಾಯ ಮಾರಾಯ್ರೆ ಎಂದು ಅವರನ್ನು ಹಿಡಿದು ಕೇಳಿದೆ. ಅವರು ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದರು. ಕೆಳಗಿನ ಸರ್ವರಿನೊಳಗೆ, ಒಂದೇ ಮನೆಯಲ್ಲಿ ತಡಿಕೆ ಹಾಕಿ ಹಲವು ಕೋಣೆ ಮಾಡಿದ ಹಾಗೆ, ಬೇಕಾದಷ್ಟು ಕಂಪ್ಯೂಟರುಗಳನ್ನು ಮಾಡಬಹುದು. ಕೈಗೆ ಸಿಗುವಂಥವಲ್ಲ; ಆದರೆ ಲೆಕ್ಕಕ್ಕೆ ಅವೂ ಕಂಪ್ಯೂಟರೇ. ಭಟ್ಟರು ಎಲ್ಲ ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿ ಅಂಥದ್ದೊಂದನ್ನು ಕಟ್ಟಿದರು. ಅದಕ್ಕೆ ನೂರಕ್ಕೆ ನೂರು ಬಂತು. ಅದರದ್ದೇ ಪಡಿಯಚ್ಚು ತೆಗೆದು ತೆಗೆದು, ಸರಾಸರಿ ತೊಂಬತ್ತು ದಾಟುವವರೆಗೆ ಸಾಲಾಗಿ ನಿಲ್ಲಿಸಿದರು.

"ಅವುಗಳಲ್ಲಿ ಕೆಲಸ ಮಾಡೋರು ಯಾರು?"

"ಯಾರೂ ಇಲ್ಲ."

"ಮತ್ತೆ ನೂರು ಹೇಗೆ ಬಂತು?"

"ಯಾರೂ ಮುಟ್ಟದಿದ್ರೆ ನೂರು ಬರ್ತದೆ ಅಮ್ಮ." ಸ್ಟೂಲಿನಿಂದ ಎದ್ದು, "ಇದರಲ್ಲಿ ಒಂದೂ ಸುಳ್ಳಿಲ್ಲ. ಅವೆಲ್ಲ ಇವೆ, ಓಡ್ತಾ ಇವೆ. ಬೇಕಾದ್ರೆ ಬಂದು ನೋಡಿ" ಎಂದರು.

ಆ ಮನುಷ್ಯನ ತಲೆ ಹೇಗೆ ಓಡುತ್ತಿತ್ತು ಎಂಬುದು ನನಗೆ ಆವತ್ತು ಅರ್ಥವಾಯಿತು. ಇರುವುದನ್ನು ಇಲ್ಲವೆಂದರೆ ಸುಳ್ಳು, ಪಾಪ. ಇಲ್ಲದ್ದನ್ನು ನಿಜವಾಗಿಯೂ ಮಾಡಿ ಇಟ್ಟರೆ ಅದು ಸುಳ್ಳಲ್ಲ. ನಮ್ಮಂಥವರು ಆಗಿದ್ದರೆ ಲ್ಯಾಬಿನ ಸಾಲನ್ನು ಗೀಚಿ ಹಾಕಿ, ಛೇ ಮೋಸ ಮಾಡಿದೆವಲ್ಲ ಎಂದು ಎರಡು ದಿನ ಮನಸ್ಸು ಚುಚ್ಚಿಸಿಕೊಂಡು ಇರುತ್ತಿದ್ದೆವು. ಭಟ್ಟರು ಮಾತ್ರ ನಿಯಮ ಮುರಿಯದೆ ಮೋಸ ಮಾಡಬಲ್ಲವರಾಗಿದ್ದರು, ಆದ್ದರಿಂದ ಅವರ ಮನಸ್ಸು ಚುಚ್ಚಲಿಲ್ಲ.

ಸರ್ಟಿಫಿಕೇಟು ಬಂತು. ಅದಕ್ಕೆ ಕಟ್ಟು ಹಾಕಿಸಿ ಒಳಬಾಗಿಲಿನ ಎದುರು ನೇತುಹಾಕಿದರು. ಮೈಸೂರುಪಾಕು ಹಂಚಿದರು. ಹೊಸ ಯಂತ್ರದ ಮಾತೆತ್ತಿದರೆ ಆಡಳಿತಾಧಿಕಾರಿಗಳು, "ತೊಂಬತ್ತಮೂರು ಇದೆಯಲ್ಲ ಭಟ್ರೇ, ಇನ್ನೂ ಯಾತಕ್ಕೆ?" ಎಂದರು. ಹೋದವರು ಬಂದವರು ಕೆಂಪು ನೋಡಿ ಗಾಬರಿಯಾಗುವುದು ಬೇಡ ಎಂದು, ವಿಭಾಗವಾರು ಅಂಕ ಹಾಕುವುದನ್ನೂ ನಿಲ್ಲಿಸಿದರು. ಸೋಮವಾರದ ಹಾಳೆಯಲ್ಲಿ ಒಂದೇ ದೊಡ್ಡ ಅಂಕಿ ಉಳಿಯಿತು. ನೋಡಲು ಯಾರೂ ನಿಲ್ಲಲಿಲ್ಲ.

ಅದಾಗಿ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ, ಸಾಲು ರಜೆಯ ಒಂದು ಶುಕ್ರವಾರ. ಹಿಂದಿನ ದಿನ ನಮ್ಮ ದೊಡ್ಡ ಯಂತ್ರದ ರಿಪೇರಿಗೆ ಬಂದವನು ತನ್ನ ಪೆನ್‌ಡ್ರೈವನ್ನು ಮುದುಕನಿಗೆ ತೂರಿಸಿ ಏನೋ ತಿದ್ದಿ ಹೋಗಿದ್ದ. ಮುದುಕನೊಬ್ಬನ ಕಿಂಡಿಯನ್ನು ಮಾತ್ರ ಮುಚ್ಚುವಂತಿರಲಿಲ್ಲ. ಬೆಳಿಗ್ಗೆ ನಾನು ಬಂದು ನೋಡುವಾಗ ಪರದೆ ಪೂರ್ತಿ ಕಪ್ಪು, ಅದರಲ್ಲಿ ಇಂಗ್ಲಿಷಿನ ನಾಲ್ಕು ಸಾಲು: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ತೆಗೆಯಬೇಕಿದ್ದರೆ ಹಣ ಕಳಿಸಿ. ಅರ್ಧ ಗಂಟೆಯಲ್ಲಿ ಔಷಧಿ ವಿಭಾಗ, ಬಿಲ್ಲಿಂಗು, ವಾರ್ಡುಗಳು, ಒಂದರ ಹಿಂದೊಂದು ಕಪ್ಪಾದವು. ಭಟ್ಟರು ಬರಿಗಾಲಿನಲ್ಲಿ ಕಾರಿಡಾರಿನಲ್ಲಿ ಓಡುತ್ತ, ಕಂಡಕಂಡಲ್ಲಿ ವಯರು ಕೀಳುತ್ತಿದ್ದರು.

ಅದೇ ಬೆಳಿಗ್ಗೆ ಕೇರಳದ ಗಡಿಯ ಕುಟ್ಟದಿಂದ ಒಬ್ಬ ಹುಡುಗನನ್ನು ಕರೆತಂದರು. ಇಪ್ಪತ್ತೈದು ದಾಟಿರಲಿಲ್ಲ, ಪಿಕ್‌ಅಪ್ ಓಡಿಸುವವನು. ಇಲಿಜ್ವರ. ಕಣ್ಣು ಹಳದಿ, ಮೂತ್ರ ನಿಂತಿತ್ತು. ರಕ್ತ ತೆಗೆದದ್ದು ನಾನೇ. ನೋಯ್ತದಾ ಎಂದರೆ, "ಇಲ್ಲ ಅಕ್ಕ, ಬೇಗ ಕಳ್ಸಿ, ಬಾಡಿಗೆ ಉಂಟು" ಎಂದ. ಕೈಯಲ್ಲಿ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಕೈಯಲ್ಲೇ ಮಾಡಿದೆ. ಪೊಟ್ಯಾಸಿಯಂ ಕೈಯಲ್ಲಿ ಆಗುವುದಿಲ್ಲ, ಅದಕ್ಕೆ ಯಂತ್ರವೇ ಬೇಕು. ಯಂತ್ರಕ್ಕೆ ಮುದುಕ ಬೇಕು. ಅವನನ್ನು ತಕ್ಷಣ ಡಯಾಲಿಸಿಸ್‌ಗೆ ಹಾಕಬೇಕೋ, ಕಾಯಬಹುದೋ ಎಂದು ಹೇಳಬೇಕಾದದ್ದೇ ಆ ಅಂಕಿ. ಊರಿನ ಇನ್ನೊಂದು ಲ್ಯಾಬಿಗೆ ರಕ್ತವನ್ನು ಆಟೋದಲ್ಲಿ ಕಳಿಸಿದೆವು. ರಜೆಗೆ ಬಂದ ಜನರ ಕಾರುಗಳು ಗುಡ್ಡದ ರಸ್ತೆಯುದ್ದಕ್ಕೂ ಅಂಟಿಕೊಂಡು ನಿಂತಿದ್ದವು. ಮಧ್ಯಾಹ್ನ ಫೋನಿನಲ್ಲಿ ಅಂಕಿ ಬಂತು. ನಾನು ಅದನ್ನು ಕೈಯ ಮೇಲೆ ಬರೆದುಕೊಂಡು ವಾರ್ಡಿಗೆ ಓಡಿದೆ. ಹೋಗುವಷ್ಟರಲ್ಲಿ ಡಾಕ್ಟರು ಎದೆ ಒತ್ತುವುದನ್ನು ನಿಲ್ಲಿಸಿ ಗಡಿಯಾರ ನೋಡುತ್ತಿದ್ದರು. ಆ ಅಂಕಿ ಸಂಜೆಯ ತನಕ ನನ್ನ ಕೈಯ ಮೇಲಿತ್ತು, ತೊಳೆಯಲು ಮನಸ್ಸು ಬರಲಿಲ್ಲ.

ಸಂಜೆ ಭಟ್ಟರ ಕೋಣೆಗೆ ಹೋದೆ. ಅವರು ಸರ್ವರಿನ ಎದುರು ನೆಲದ ಮೇಲೆ ಕೂತಿದ್ದರು. ಆ ಖಾಲಿ ಕಂಪ್ಯೂಟರುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅವುಗಳಿಗೆ ಹೊರಗಿನ ಸಂಪರ್ಕವೇ ಇರಲಿಲ್ಲವಲ್ಲ.

"ಇಲ್ಲಿ ನೋಡಿ," ಎಂದರು.

ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ನೂರು ಎಂದಿತ್ತು. ನನಗೆ ತಿಳಿಯಲಿಲ್ಲ. ಅವರು ತೀರ ಸಣ್ಣ ದನಿಯಲ್ಲಿ ಹೇಳಿದರು. ಏನು ಉಳಿದಿದೆ ಎಂದು ನೋಡಲು ಪ್ರೋಗ್ರಾಮನ್ನು ಓಡಿಸಿದ್ದರಂತೆ. ಸತ್ತ ಕಂಪ್ಯೂಟರುಗಳು ಉತ್ತರ ಕೊಡುವುದಿಲ್ಲ, ಉತ್ತರ ಕೊಡದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರ ಕೊಟ್ಟವು ಆ ಖಾಲಿ ಕಂಪ್ಯೂಟರುಗಳು ಮಾತ್ರ. ಇಡೀ ಆಸ್ಪತ್ರೆ ನಿಂತುಹೋದ ದಿನ ಆಸ್ಪತ್ರೆಗೆ ನೂರಕ್ಕೆ ನೂರು ಬಂದಿತ್ತು.

ಒಳಗಿನ ವಿಚಾರಣೆ ನಡೆಯಿತು. ದಾಳಿಯ ಹಿಂದಿನ ಸೋಮವಾರ ತೊಂಬತ್ತಮೂರು ಇತ್ತು, ಸರ್ಟಿಫಿಕೇಟು ಇತ್ತು, ಮಾಡಬೇಕಾದ್ದೆಲ್ಲ ಮಾಡಲಾಗಿತ್ತು, ದಾಳಿ ಮಾಡಿದವರು ಯಾವುದೋ ದೇಶದಲ್ಲಿದ್ದಾರೆ, ಯಾರದ್ದೂ ತಪ್ಪಿಲ್ಲ. ಹುಡುಗನ ವಿಷಯದಲ್ಲಿ, ರೋಗಿಯನ್ನು ತಡವಾಗಿ ಕರೆತಂದಿದ್ದರು ಎಂದಾಯಿತು. ಅದೂ ಸುಳ್ಳಲ್ಲ, ಎರಡು ದಿನ ಮನೆಯಲ್ಲಿ ಕಷಾಯ ಕೊಟ್ಟು ನೋಡಿದ್ದರು. ವಿಚಾರಣೆಯ ಕೊನೆಯ ದಿನ ಭಟ್ಟರು ಆಡಳಿತಾಧಿಕಾರಿಗಳ ಕೋಣೆಗೆ ಹೋಗಿ, ಆ ತೊಂಬತ್ತಮೂರು ಹೇಗೆ ಬಂತೆಂದು ಹೇಳಬೇಕು ಎಂದರಂತೆ. ಆಡಳಿತಾಧಿಕಾರಿಗಳ ಸಹಿ ಬೇಕಿದ್ದ ಕಾಗದ ಹಿಡಿದು ನಾನೂ ಬಾಗಿಲಲ್ಲಿ ನಿಂತಿದ್ದೆ, ಉತ್ತರ ಮಾತ್ರ ನನ್ನ ಕಿವಿಗೆ ಬಿತ್ತು.

"ಭಟ್ರೇ, ಇವತ್ತು ಮನೆಯವರದ್ದು ಡಯಾಲಿಸಿಸ್ ದಿನ ಅಲ್ವಾ? ಹೋಗಿ ಅವರ ಹತ್ರ ಕೂತ್ಕೊಳ್ಳಿ. ಇದನ್ನೆಲ್ಲ ನಾನು ನೋಡಿಕೊಳ್ತೇನೆ."

ಭಟ್ಟರು ಹೊರಗೆ ಬಂದರು. ನನ್ನನ್ನು ಕಂಡರೂ ಕಾಣದವರಂತೆ ನಡೆದು, ಹೆಂಡತಿಯ ಹಾಸಿಗೆಯ ಹತ್ತಿರ ಹೋಗಿ ಕೂತರು. ಆಕೆಯ ರಕ್ತ ನಳಿಗೆಯಲ್ಲಿ ಹೊರಗೆ ಹೋಗಿ, ಶುದ್ಧವಾಗಿ, ಮತ್ತೆ ಒಳಗೆ ಬರುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು. ನನಗೆ ಅವರ ಮೇಲೆ ಅಸಹ್ಯ ಬಂತು, ಅದರ ಬೆನ್ನಿಗೇ, ಇವರ ಜಾಗದಲ್ಲಿ ನಾನಿದ್ದರೂ ಇಲ್ಲೇ ಬಂದು ಕೂರುತ್ತಿದ್ದೆ ಅನಿಸಿ ಅಳು ಬಂತು.

ಆಮೇಲಿನ ಮೂರು ವರ್ಷ ಭಟ್ಟರು ಕೆಲಸದಲ್ಲಿ ಇದ್ದರು ಅಷ್ಟೇ. ಲ್ಯಾಬಿಗೆ ಕೊನೆಗೂ ಹೊಸ ಯಂತ್ರ ಬಂತು. ಸೋಮವಾರದ ಹಾಳೆಯೂ ಬರುತ್ತಿತ್ತು. ಆದರೆ ಹೆರಿಗೆ ವಾರ್ಡಿನ ಕ್ಯಾಲೆಂಡರಿನಲ್ಲಿ ಪಾಸ್‌ವರ್ಡು ಮತ್ತೆ ಕಾಣಿಸಿಕೊಂಡಿತು, ಭಟ್ಟರು ಅದರ ಎದುರೇ ನಿಂತು ಪಂಚಾಂಗ ನೋಡಿ ಹೋದರು. ಆ ಸಿಸ್ಟರೇ ನನಗೆ ಹೇಳಿದಳು: "ಸಾರ್‌ಗೆ ಏನೋ ಆಗಿದೆ ಚೇಚಿ. ಬೈದಿದ್ರೆ ಚೆನ್ನಾಗಿತ್ತು." ಕೋಣೆಯೊಳಗೆ ಜನ ಚಪ್ಪಲಿ ಹಾಕಿಕೊಂಡೇ ಹೋಗತೊಡಗಿದ್ದರು.

ಹೆಂಡತಿ ಒಂದು ಆಷಾಢದಲ್ಲಿ ಹೋದರು. ಅದಕ್ಕೆ ಯಾರೂ ಕಾರಣರಲ್ಲ, ದೇಹ ಸೋತಿತ್ತು. ಅಪರಕ್ರಿಯೆ ಎಲ್ಲ ಮುಗಿಸಿ, ಬೋಳಿಸಿದ ತಲೆಯಲ್ಲಿ ಭಟ್ಟರು ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದೇನೆ ಎಂದರು.

"ಕುಟ್ಟಕ್ಕೆ ಹೋಗ್ಬೇಕು. ಆ ಹುಡುಗನ ಮನೆಗೆ. ನೀವು ಬರ್ತೀರಾ? ಅವನನ್ನು ಕಡೆಗೆ ಮಾತಾಡಿಸಿದ್ದು ನೀವು."

"ಹೋಗಿ ಎಂತ ಹೇಳ್ತೀರಿ ಭಟ್ರೇ?"

"ಇದ್ದದ್ದು. ಈಗ ಹೇಳಿದ್ರೆ ನನ್ನಿಂದ ಯಾರೂ ಎಂತದೂ ಕಿತ್ತುಕೊಳ್ಳುವ ಹಾಗಿಲ್ಲ. ಅವರು ಕೇಸು ಹಾಕ್ಲಿ. ನಾನು ಸಾಕ್ಷಿ ಹೇಳ್ತೇನೆ."

ಭಾನುವಾರ ಬಸ್ಸಿನಲ್ಲಿ ಹೊರಟೆವು. ಹುಡುಗನ ಮನೆ ಪೇಟೆಯಿಂದ ಸ್ವಲ್ಪ ಒಳಗೆ, ಎಸ್ಟೇಟಿನ ಬೇಲಿಗೆ ತಾಗಿ. ಅಪ್ಪ ಎಸ್ಟೇಟಿನಲ್ಲಿ ಜೀಪು ಓಡಿಸಿ ನಿವೃತ್ತನಾದವನು, ಜಗಲಿಯ ಒಂದು ತುದಿಯಲ್ಲಿ ಕೂತಿದ್ದ. ಆಸ್ಪತ್ರೆಯವರು ಎಂದ ಕೂಡಲೇ ತಾಯಿ ಒಳಗಿನಿಂದ ಬಂದು ಬೆಂಚು ಒರೆಸಿದಳು. ಕಾಫಿ ಕೊಟ್ಟಳು. ಗಂಡನಿಗೆ ಮಾತ್ರ ಲೋಟವನ್ನು ಕೈಗೆ ಕೊಡದೆ, ದೂರದಲ್ಲಿ ನೆಲದ ಮೇಲಿಟ್ಟು ಸರಿದಳು. ಅವನು ಅವಳು ದೂರ ಹೋದ ಮೇಲೆ ಎತ್ತಿಕೊಂಡ.

ಭಟ್ಟರು ಎಲ್ಲವನ್ನೂ ಹೇಳಿದರು. ಅಂಕ, ಸರಾಸರಿ ಎಂದು ಶುರುಮಾಡಿ, ಅದು ಅವರಿಗೆ ತಿಳಿಯುವುದಿಲ್ಲ ಎಂದು ಗೊತ್ತಾದ ಮೇಲೆ, ತೀರ ಸರಳ ಮಾಡಿ ಹೇಳಿದರು. ಲ್ಯಾಬಿನ ಒಂದು ಯಂತ್ರ ಕೆಟ್ಟ ಸ್ಥಿತಿಯಲ್ಲಿತ್ತು. ಎಲ್ಲ ಸರಿ ಇದೆ ಎಂದು ಕಾಣುವ ಹಾಗೆ ಮಾಡಿದವನು ನಾನು. ಸರಿ ಇದೆ ಎಂದು ಹೊಸದು ತರಲಿಲ್ಲ. ನಿಮ್ಮ ಮಗ ಬಂದ ದಿನ ಅದು ನಿಂತಿತು, ರಕ್ತದ ರಿಪೋರ್ಟು ಹೊತ್ತಿಗೆ ಸಿಗಲಿಲ್ಲ. ನನ್ನ ಹೆಂಡತಿಯ ಚಿಕಿತ್ಸೆ ನಿಂತುಹೋಗುತ್ತದೆಂದು ಇಷ್ಟು ದಿನ ಬಾಯಿಬಿಡಲಿಲ್ಲ.

ಅಪ್ಪ ನೆಲ ನೋಡುತ್ತ ಕೂತಿದ್ದ. ತಾಯಿ ಮಾತ್ರ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ನಾನು ಆ ಮುಖದಲ್ಲಿ ಕಂಡದ್ದು ಆಸೆ; ಅದನ್ನು ನೋಡಲಾಗಲಿಲ್ಲ.

"ಹಾಗಾದ್ರೆ ನಾನು ಎರಡು ದಿವ್ಸ ಕಷಾಯ ಕೊಟ್ಟಿದ್ದಕ್ಕೆ ಅಲ್ಲ? ನನ್ನ ಮಗ, ನನ್ನ ಮೋನು ಹೋದದ್ದು ಅದಕ್ಕಲ್ಲ?"

ಭಟ್ಟರು ನನ್ನ ಕಡೆ ನೋಡಿದರು. ಎರಡು ದಿನ ಮೊದಲು ಬಂದಿದ್ದರೆ ಹುಡುಗ ಉಳಿಯುತ್ತಿದ್ದನೋ ಏನೋ, ಆ ದಿನ ಯಂತ್ರ ಓಡಿದ್ದರೆ ಉಳಿಯುತ್ತಿದ್ದನೋ ಏನೋ. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಅಲ್ಲಮ್ಮ," ಎಂದರು ಭಟ್ಟರು. "ನಿಮ್ಮಿಂದ ಅಲ್ಲ. ನನ್ನಿಂದ."

"ಅವರಿಗೆ ಹೇಳಿ ಸಾರ್. ನಂಗಲ್ಲ, ಅವರಿಗೆ ಇನ್ನೊಂದ್ಸಲ ಹೇಳಿ. ಮಗ ಹೋದಂದಿನಿಂದ ಅವರು ನನ್ನ ಕೈಯಿಂದ ಒಂದು ಲೋಟ ನೀರು ತಗೊಂಡಿಲ್ಲ."

ಭಟ್ಟರು ಬೆಂಚಿನಿಂದ ಇಳಿದು, ಜಗಲಿಯ ಆ ತುದಿಗೆ ಹೋಗಿ, ಅವನ ಎದುರು ನೆಲದಲ್ಲಿ ಕೂತರು. ನಿಮ್ಮ ಹೆಂಡತಿಯ ತಪ್ಪಿಲ್ಲ, ತಪ್ಪು ನನ್ನದು ಎಂದರು. ಇನ್ನೊಮ್ಮೆ ಹೇಳಿದರು. ಅವನ ಮೊಣಕಾಲು ಮುಟ್ಟಿ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡ. ಎದ್ದು ಹೆಗಲಿಗೆ ಟವೆಲು ಹಾಕಿಕೊಂಡ.

"ಎರಡು ದಿವ್ಸ ಮನೆಯಲ್ಲಿ ಇಟ್ಟದ್ದು ಅವಳೇ ಅಲ್ವಾ," ಎಂದು ಹೇಳಿ, ಅಂಗಳ ಇಳಿದು ಪೇಟೆಯ ಕಡೆಗೆ ನಡೆದುಹೋದ.

ತಾಯಿ ಅವನು ತಿರುವು ದಾಟುವ ತನಕ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನೆಲದ ಮೇಲೆ ಕೂತೇ ಇದ್ದ ಭಟ್ಟರ ಹತ್ತಿರ ಬಂದು, ಅವರ ಪಕ್ಕದಲ್ಲಿದ್ದ ಗಂಡನ ಲೋಟವನ್ನು ಎತ್ತಿಕೊಂಡಳು.

"ನೀವು ಆವತ್ತೇ ಬರ್ಬೇಕಿತ್ತು ಸಾರ್," ಎಂದಳು. "ಈಗ ಅವರಿಗೆ ನನ್ನನ್ನು ಬಿಟ್ರೆ ಬೇರೆ ಯಾರನ್ನು ಬೈಲಿಕ್ಕೂ ಬರೋದಿಲ್ಲ."